ನೆತ್ತರಿಗೊಬ್ಬ ಲಸ್ಕರ್

ನಮ್ಮ ಮನೆಯಲ್ಲಿ ಸುಮ್ಮನೆ ಕೂರುವುದು ಯಾರಿಗೂ ಬರುತ್ತಿರಲಿಲ್ಲ. ಇಷ್ಟು ಬರೆಯುವುದರೊಳಗೆ ನಾನೇ ಎರಡು ಸಲ ಎದ್ದು ಅಡುಗೆಮನೆಗೆ ಹೋಗಿ ಬಂದಿದ್ದೇನೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ. ಈ ಕಾಲು ನಿಲ್ಲದ ಗುಣ ಅಪ್ಪನಿಂದ ಬಂದದ್ದು. ಅವನು ಧರೂರಿನ ಕಡೆಯ ಕಾಲುವೆಯ ಮೇಲೆ ಲಸ್ಕರ್. ಜೂರಾಲ ಅಣೆಕಟ್ಟಿನಿಂದ ಬರುವ ನೀರು ಹೊಲಗಳಿಗೆ ಹೆಚ್ಚಾದರೆ ಕಬ್ಬಿಣದ ಚಕ್ರ ತಿರುಗಿಸಿ ಶಟರ್ ಇಳಿಸುವುದು, ಕಡಿಮೆಯಾದರೆ ಏರಿಸುವುದು ಅವನ ನೌಕರಿ. ನಮಗೆ ಕೊಟ್ಟಿದ್ದ ಎರಡು ಖೋಲಿಯ ಮನೆ ದಂಡೆಯ ಮೇಲೇ ಇತ್ತು, ಗೋಡೆಯ ಆಚೆಗೇ ನೀರಿನ ಸದ್ದು. ಊಟದ ನಡುವೆ ಆ ಸದ್ದು ಒಂಚೂರು ದಪ್ಪವಾದರೆ ಅಪ್ಪನ ಕೈ ರೊಟ್ಟಿಯ ಮೇಲೆ ನಿಲ್ಲುತ್ತಿತ್ತು; ಇನ್ನೊಂಚೂರು ದಪ್ಪವಾದರೆ ಅವನು ಎದ್ದೇಬಿಡುತ್ತಿದ್ದ. ಪುಂಡಿಪಲ್ಯ ಆರಿ, ರೊಟ್ಟಿ ಸೆಟೆದು, ಅವ್ವ ಆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ತಾನೂ ಉಣ್ಣದೆ ಬಾಗಿಲಿಗೂ ಒಲೆಗೂ ಅಡ್ಡಾಡುತ್ತಿದ್ದಳು. ಕೂತರೂ ಅವಳ ಬಲಗಾಲು ಅಲ್ಲಾಡುತ್ತಲೇ ಇರುತ್ತಿತ್ತು. ಒಬ್ಬಳೇ ಮಗಳಾದ ನಾನು ಇಬ್ಬರ ಹಿಂದೆಯೂ ಓಡುತ್ತಿದ್ದೆ.

ಅಪ್ಪ ಅಲುಗಾಡದೆ ಕೂರುತ್ತಿದ್ದುದು ದಿನಕ್ಕೆ ಒಂದೇ ಸಲ, ಬೆಳಗಿನ ಪೂಜೆಗೆ. ಒಳಖೋಲಿಯ ಮೂಲೆಯಲ್ಲಿ ಮಣೆ ಹಾಕಿ, ಕೊರಳಿನ ಇಷ್ಟಲಿಂಗವನ್ನು ಎಡಗೈ ಅಂಗೈಯಲ್ಲಿಟ್ಟು ನೋಡುತ್ತ ಕೂತನೆಂದರೆ, ಆಗ ಕಾಲುವೆ ಒಡೆದರೂ ನಿಮ್ಮಪ್ಪ ಏಳುವುದಿಲ್ಲ ಎಂದು ಅವ್ವ ನಗುತ್ತಿದ್ದಳು. ಕೈಯ ಕೆಳಗೆ ಒಂದು ಹಿತ್ತಾಳೆ ಬಟ್ಟಲು. ಅದರಲ್ಲಿ ಒಂದು ಚಿಟಿಕೆ ವಿಭೂತಿ ಹಾಕಿ, ಮೇಲೊಂದು ಬಿಲ್ವಪತ್ರೆ ಇಟ್ಟು ಸಜ್ಜು ಮಾಡುವುದು ಅವ್ವನ ಕೆಲಸ. ಲಿಂಗಕ್ಕೆ ಎರೆದ ನೀರು ಆ ಬಟ್ಟಲಿಗೆ ಇಳಿಯುತ್ತಿತ್ತು. ಅದೇ ನಮ್ಮ ಪಾದೋದಕ. ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಕುಡಿದು, ಕೊನೆಯ ಗುಟುಕನ್ನು ನನಗೆ ಉಳಿಸುತ್ತಿದ್ದ. ಬಟ್ಟಲ ತಳದ ಆ ಗುಟುಕು ನನ್ನ ಹಕ್ಕು. ವಿಭೂತಿಯ ಪುಡಿ ನಾಲಿಗೆಗೆ ಹತ್ತುತ್ತಿತ್ತು, ಬಿಲ್ವದ ಕಹಿ ಗಂಟಲಲ್ಲಿ ಉಳಿಯುತ್ತಿತ್ತು. ಒಂದು ಹನಿಯೂ ನೆಲಕ್ಕೆ ಬೀಳುವಂತಿರಲಿಲ್ಲ. ಬಿದ್ದರೆ ಅಪ್ಪ ಅದನ್ನು ಬೆರಳಿನಿಂದ ಒತ್ತಿ ತಲೆಗೆ ಹಚ್ಚಿಕೊಳ್ಳುತ್ತಿದ್ದ. ದಿನದಲ್ಲಿ ಆ ಹೊತ್ತು ಮಾತ್ರ ಅಪ್ಪ ಪೂರ್ತಿ ನನ್ನವನಾಗಿರುತ್ತಿದ್ದ. ಬಟ್ಟಲು ಖಾಲಿಯಾದ ಕೂಡಲೇ ಅವನು ಮತ್ತೆ ಕಾಲುವೆಯವನು.

ನಾನು ಐದನೇ ತರಗತಿಯಲ್ಲಿದ್ದಾಗ ಅಪ್ಪನಿಗೆ ಹಿಂದಲೆ ಸಿಡಿಯತೊಡಗಿತು. ಅವ್ವ ತನ್ನ ಒಂದೇ ಒಂದು ನಾರಾಯಣಪೇಟೆ ಸೀರೆ ಉಟ್ಟು ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿ ಗದ್ವಾಲದ ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರ್ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹಾಕಿ ನೋಡಿ, ರಕ್ತದ ಒತ್ತಡ ಬಹಳ ಇದೆ ಎಂದರು. ಅಪ್ಪನಿಗೆ ಅದರ ಹೆದರಿಕೆಗಿಂತ ಕುತೂಹಲ ಹೆಚ್ಚಾಯಿತು. ಈಗ ಹೆಚ್ಚಾದದ್ದು ಇರಲಿ, ಇಷ್ಟು ವರ್ಷ ಹೆಚ್ಚಾಗದಂತೆ ಹಿಡಿದವರು ಯಾರು ಎಂದು ಕೇಳಿದ. ಡಾಕ್ಟರಿಗೆ ಆ ದಿನ ಬಿಡುವಿತ್ತೋ ಏನೋ, ತೆಲುಗಿನಲ್ಲಿ ನಿಧಾನವಾಗಿ ಹೇಳಿದರು. ಕತ್ತಿನ ಎರಡೂ ಬದಿಯ ರಕ್ತನಾಳದ ಗೋಡೆಯಲ್ಲಿ ಒಂದು ಕಾವಲಿದೆಯಂತೆ. ಒತ್ತಡ ಹೆಚ್ಚಾಗಿ ಗೋಡೆ ಹಿಗ್ಗಿದರೆ ಅದು ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ಮೆದುಳು ಹೃದಯಕ್ಕೆ ನಿಧಾನ ಎನ್ನುತ್ತದೆ, ನಾಳಗಳಿಗೆ ಸಡಿಲಾಗಿ ಎನ್ನುತ್ತದೆ. ಕೂತವನು ಎದ್ದು ನಿಂತರೆ ರಕ್ತ ಕಾಲಿಗೆ ಇಳಿಯುತ್ತದೆ. ಆಗ ಅದೇ ಕಾವಲು ಹೃದಯವನ್ನು ಓಡಿಸಿ, ನಾಳಗಳನ್ನು ಬಿಗಿ ಮಾಡಿಸಿ, ತಲೆಗೆ ರಕ್ತ ಏರಿಸುತ್ತದೆ. ಮೈಯಲ್ಲಿ ಉಪ್ಪು ನೀರು ಎಷ್ಟು ಉಳಿಯಬೇಕು ಎನ್ನುವುದನ್ನು ಮೂತ್ರಪಿಂಡ ನೋಡಿಕೊಳ್ಳುತ್ತದೆ. ವಯಸ್ಸಾದಂತೆ ಈ ಏರ್ಪಾಡು ಕೆಡುತ್ತದೆ, ಅದಕ್ಕೇ ಗುಳಿಗೆ ಎಂದೂ ಅವರು ಹೇಳಿದರು. ಆದರೆ ಅಷ್ಟು ಹೊತ್ತಿಗೆ ಅಪ್ಪ ಕೇಳಿಸಿಕೊಳ್ಳುವುದನ್ನು ಬಿಟ್ಟಿದ್ದ. ತಿರುಗಿ ಬರುವಾಗ ಬಸ್ಸಿನಲ್ಲಿ ಅವನು ಸೀಟಿನಲ್ಲಿ ಕೂರಲೇ ಇಲ್ಲ, ನಿಂತೇ ನನಗೆ ಹೇಳತೊಡಗಿದ.

“ಕೇಳಿದೇನು ಗಿರಿಜಿ? ಕುತ್ತಿಗ್ಯಾಗ ಲಸ್ಕರ್ ಅದಾನ! ನಾ ಚಕ್ರ ತಿರಗಸಬೇಕಂದ್ರ ಮೊದಲ ನೀರು ನೋಡಬೇಕು, ಮ್ಯಾಲಿಂದ ಚೀಟಿ ಬರಬೇಕು, ಸೈಕಲ್ ಹತ್ತಿ ಹೋಗಬೇಕು. ಅಷ್ಟೊತ್ತಿಗೆ ಯಾರದರ ಗದ್ದಿ ಮುಣುಗಿರತೈತಿ. ನೀ ದಿನಕ್ಕ ನೂರು ಸಲ ಕುಂದರತಿ, ಏಳತಿ, ಓಡತಿ. ಒಮ್ಮೆರ ಒಳಗಿನ ಲಸ್ಕರ್‌ಗ ಹೇಳಿ ಎದ್ದೀಯೇನು? ಹೇಳಲಾರದ ತಿರಗಸತಾನ. ಇಂಥಾ ಚಕ್ರ ತನ್ನಷ್ಟಕ್ಕ ತಾನ ಆತೇನು? ಮಾಡಿದವ ಒಬ್ಬ ಅದಾನವಾ, ಅದಾನ!”

“ಗುಳಿಗಿ ದಿನಾ ಒಂದಂತ ಹೇಳ್ಯಾರ. ಅದನ್ನ ಮರೀಬ್ಯಾಡ್ರಿ,” ಎಂದಳು ಅವ್ವ.

ಹತ್ತು ಹನ್ನೆರಡು ದಿನ ನುಂಗಿದ. ಆಮೇಲೆ ಒಂದು ಬೆಳಗ್ಗೆ ಗುಳಿಗೆಯ ಪಟ್ಟಿಯನ್ನು ದೇವರ ಮಾಡದಲ್ಲಿ ವಿಭೂತಿ ಗಟ್ಟಿಯ ಪಕ್ಕ ಇಟ್ಟು, ಇನ್ನು ಇದು ಬೇಡ ಎಂದ. ಇದರ ಹಿಂದೆ ಒಂದು ಹಳೆಯ ಜಗಳವಿತ್ತು. ಹಿಂದಿನ ವರ್ಷ ಅಪ್ಪ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಾಗ ಕಾಲುವೆ ತುಂಬಿ ಬಂದಿತ್ತು, ಅವ್ವ ಸೀರೆ ಕಚ್ಚೆ ಹಾಕಿಕೊಂಡು ಹೋಗಿ ತಾನೇ ಚಕ್ರ ತಿರುಗಿಸಿ ಶಟರ್ ಇಳಿಸಿ ಬಂದಿದ್ದಳು. ಜ್ವರ ಬಿಟ್ಟ ಮೇಲೆ ಅಪ್ಪ ಅವಳನ್ನು ಹೊಗಳುವುದಿರಲಿ, ಮೂರು ದಿನ ಹಾರಾಡಿದ್ದ. ನನ್ನ ಚಕ್ರಕ್ಕೆ ಇನ್ನೊಬ್ಬರು ಕೈ ಹಾಕಬಾರದು ಎನ್ನುವುದು ಅವನ ಹಟ. ಈಗ ಅದೇ ಹಟವನ್ನು ದೇವರಿಗೂ ಅಂಟಿಸಿದ.

“ನಾ ಚಕ್ರದ ಮುಂದ ನಿಂತಾಗ ಇನ್ನೊಬ್ಬ ಬಂದು ಕೈ ಹಾಕಿದ್ರ ನನಗ ಸಿಟ್ಟು ಬರತೈತಿ. ಅವಂಗ ಬರಂಗಿಲ್ಲೇನು? ಗುಳಿಗಿ ನುಂಗೂದಂದ್ರ, ನಿನ್ನ ಕೈಲೆ ಆಗಂಗಿಲ್ಲ ಸರಿ ಆಚೆಗೆ ಅಂತ ಅವಂಗ ಹೇಳಿದಂಗ.”

“ಮಾಡಿದವ ಅದಾನ, ನಾ ಇಲ್ಲಾ ಅನ್ನಂಗಿಲ್ಲ. ಮಕ್ತಲದಾಗ ನಮ್ಮಪ್ಪನ ಮೈಯಾಗೂ ಇದ್ದ. ಅವತ್ತ ಎಲ್ಲಿ ಹೋಗಿದ್ದ?”

ಅವ್ವ ಇದನ್ನು ಕೂಗಿ ಹೇಳಲಿಲ್ಲ. ಅವಳ ತವರು ಮಕ್ತಲ. ಅಲ್ಲಿ ಅವಳ ಅಪ್ಪನಿಗೆ ಇದೇ ಒತ್ತಡ ಏರಿ ಒಂದು ಬದಿ ಬಿದ್ದುಹೋಗಿತ್ತು. ಒಂದು ವರ್ಷ ಅವಳು ಅವನ ಸೊಟ್ಟ ಬಾಯಿಗೆ ಗಂಜಿ ಹಾಕಿ, ಹೊರಗೆ ಸುರಿದದ್ದನ್ನು ಒರೆಸಿ, ಮತ್ತೆ ಹಾಕಿ, ಕೊನೆಗೆ ಕಳೆದುಕೊಂಡಿದ್ದಳು. ಅಪ್ಪ ತಲೆ ಹಿಡಿದುಕೊಂಡಾಗಲೆಲ್ಲ ಅವಳು ನೋಡುತ್ತಿದ್ದುದು ಅವನ ತುಟಿಯ ಅಂಚನ್ನು, ಅದು ಜಾರಿದೆಯೇ ಎಂದು. ಆ ತಿಂಗಳು ನಮ್ಮ ಊಟವೆಲ್ಲ ಉಪ್ಪಿನ ಜಗಳವೇ. ಅವ್ವ ಪಲ್ಯಕ್ಕೆ ಉಪ್ಪು ಕಡಿಮೆ ಹಾಕುತ್ತಿದ್ದಳು, ಅಪ್ಪ ಉಪ್ಪಿನ ಭರಣಿ ಹುಡುಕುತ್ತಿದ್ದ. ಅವಳು ಭರಣಿಯನ್ನು ಜೋಳದ ಚೀಲದಲ್ಲಿ ಮುಚ್ಚಿಟ್ಟರೆ ಅವನು ಪಕ್ಕದ ಮನೆಯಿಂದ ಒಂದು ಹಿಡಿ ಉಪ್ಪು ತಂದು ಅವಳ ಎದುರಿಗೇ ಕಲಸಿಕೊಳ್ಳುತ್ತಿದ್ದ. ನಾನು ಸಪ್ಪೆ ಪಲ್ಯ ನುಂಗುತ್ತ ಇಬ್ಬರ ಮುಖವನ್ನೂ ನೋಡುತ್ತಿದ್ದೆ.

ಒಂದು ದಿನ ಬೆಳಗ್ಗೆ ಅಪ್ಪ ಬಾವಿಯ ಹತ್ತಿರ ಸ್ನಾನಕ್ಕೆ ಹೋದಾಗ ನಾನು ಒಳಖೋಲಿಗೆ ಬಂದೆ. ಅವ್ವ ಮಣೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಗುಟ್ಟಾಗಿ ತರಿಸಿಟ್ಟಿದ್ದ ಗುಳಿಗೆಯೊಂದನ್ನು ಲೋಟದ ತಳದಿಂದ ಅರೆಯುತ್ತಿದ್ದಳು. ಬಿಳಿ ಪುಡಿಯನ್ನು ಬಟ್ಟಲಿಗೆ ಉದುರಿಸಿ, ಮೇಲೆ ವಿಭೂತಿ ಹಾಕಿ, ಅದರ ಮೇಲೆ ಬಿಲ್ವಪತ್ರೆ ಮುಚ್ಚಿದಳು. ಬಿಳಿಯಲ್ಲಿ ಬಿಳಿ ಸೇರಿತು, ಕಹಿಯಲ್ಲಿ ಕಹಿ. ನನ್ನನ್ನು ಕಂಡವಳೇ ಕೈ ಹಿಡಿದು ಎಳೆದು ಕೂರಿಸಿಕೊಂಡಳು.

“ಬಾಯಿ ಬಿಟ್ಟೀ ಅಂದ್ರ ನಿಮ್ಮಪ್ಪ ಉಳಿಯಂಗಿಲ್ಲ. ನನ್ನ ತಲಿ ಮ್ಯಾಲ ಕೈ ಇಡು. ಮತ್ತ ಕೇಳಿಲ್ಲಿ, ಕಡೀ ಗುಟುಕು ನಿನಗ ಕೊಡ್ತಾರಲ್ಲ, ಅದನ್ನ ತುಟಿಗೆ ಹಚ್ಚಿದಂಗ ಮಾಡಿ, ಹೊರಗ ಹೋಗಿ ದಾಸವಾಳದ ಗಿಡಕ್ಕ ಹಾಕು. ಕುಡೀಬ್ಯಾಡ.”

ಕೈ ಇಟ್ಟೆ. ಮೂರು ದಿನ ಅವಳು ಹೇಳಿದಂತೆಯೇ ಮಾಡಿದೆ. ಆ ಮೂರು ದಿನ ನಾನು ಪಟ್ಟ ಪಾಡು ನನಗೇ ಗೊತ್ತು. ಪಾದೋದಕವನ್ನು ನೆಲಕ್ಕೆ ಚೆಲ್ಲುವುದೆಂದರೆ ದೇವರ ಮೇಲೆ ಉಗುಳಿದಂತೆ ಎಂದು ತಿಳಿದು ಬೆಳೆದವಳು ನಾನು. ಗಿಡದ ಬುಡದಲ್ಲಿ ಬಿಳಿ ಕಲೆ ಕಂಡಾಗ ಮಣ್ಣು ಮುಚ್ಚಿದೆ, ಮತ್ತೆ ಮಣ್ಣು ತೆಗೆದು ಬೆರಳಿನಿಂದ ಒತ್ತಿ ತಲೆಗೆ ಹಚ್ಚಿಕೊಂಡೆ. ಅಪ್ಪನನ್ನು ಉಳಿಸಲು ಅವ್ವ ಇಷ್ಟು ಮಾಡುತ್ತಿರುವಾಗ ನಾನು ದೇವರನ್ನು ಸಿಟ್ಟಿಗೆಬ್ಬಿಸಿ ಎಲ್ಲ ಕೆಡಿಸುತ್ತಿದ್ದೇನೆ ಅನ್ನಿಸಿತು. ಅಪ್ಪ ಆಗಲೇ ಕುಡಿದಾಗಿರುತ್ತದೆ, ಉಳಿದ ಒಂದು ಗುಟುಕಿನಲ್ಲಿ ಏನಿದ್ದೀತು ಎಂದೂ ಅನ್ನಿಸಿತು. ನಾಲ್ಕನೆಯ ದಿನ ಕುಡಿದುಬಿಟ್ಟೆ. ನಾಲಿಗೆಗೆ ಹತ್ತುವ ಪುಡಿ ಮಾಮೂಲಿಗಿಂತ ಹೆಚ್ಚಿತ್ತು. ಹೊರಗೆ ಹೋಗಿ ಖಾಲಿ ಬಟ್ಟಲನ್ನು ಗಿಡಕ್ಕೆ ಬಗ್ಗಿಸಿದಂತೆ ಮಾಡಿ ಬಂದೆ. ಅವ್ವ ಬಾಗಿಲಿನಿಂದ ನೋಡಿ ತಲೆಯಾಡಿಸಿದಳು. ಅಪ್ಪನಿಗೆ ಅವ್ವ ಸುಳ್ಳು ಹೇಳುತ್ತಿದ್ದಳು, ಅವ್ವನಿಗೆ ನಾನು.

ವಾರ ಕಳೆಯುವುದರೊಳಗೆ ನನಗೆ ಕಣ್ಣು ಕತ್ತಲಾಗತೊಡಗಿತು. ಶಾಲೆಯಲ್ಲಿ ನೆಲದಿಂದ ಎದ್ದು ನಿಂತರೆ ಕರಿಹಲಗೆ ನಾಲ್ಕೂ ಕಡೆ ಹರಡಿ ಟೀಚರ್ ಮುಖವನ್ನೂ ನುಂಗುತ್ತಿತ್ತು. ಗೋಡೆ ಹಿಡಿದು ನಿಂತರೆ ಮೆಲ್ಲಗೆ ಬೆಳಕು ವಾಪಸು ಬರುತ್ತಿತ್ತು. ಹೆದರಿಕೆಯಾಯಿತು, ನಿಜ. ಅದರ ಜೊತೆಗೆ ಒಂದು ಖುಷಿಯೂ ಆಯಿತು ಎಂದರೆ ನಂಬಬೇಕು. ಅಪ್ಪ ಹೇಳಿದ ಲಸ್ಕರ್ ನನಗೆ ಗೊತ್ತಾಗುತ್ತಿದ್ದ! ಅವನು ಎಲ್ಲೋ ದೂರದಿಂದ ಸೈಕಲ್ ಹತ್ತಿ ಬಂದು ಚಕ್ರ ತಿರುಗಿಸುವ ತನಕ ಕತ್ತಲೆ, ತಿರುಗಿಸಿದ ಮೇಲೆ ಬೆಳಕು. ಎದ್ದಾಗಲೆಲ್ಲ ಒಂದು, ಎರಡು ಎಂದು ಎಣಿಸತೊಡಗಿದೆ. ಮೊದಲು ಐದಕ್ಕೆ ಬರುತ್ತಿದ್ದವನು ಆಮೇಲಾಮೇಲೆ ಎಂಟಕ್ಕೆ, ಹತ್ತಕ್ಕೆ ಬರುತ್ತಿದ್ದ. ಯಾರಿಗೆ ಹೇಳುವುದು? ಹೇಳಿದರೆ ಗಿಡದ ಸುಳ್ಳು ಹೊರಬೀಳುತ್ತದೆ, ಅದರ ಹಿಂದೆ ಅವ್ವನದು. ಇತ್ತ ಅಪ್ಪ, ತಲೆ ಹಗುರಾಗಿದೆ, ಗುಳಿಗೆ ಬಿಟ್ಟದ್ದೇ ಒಳ್ಳೆಯದಾಯಿತು ಎಂದು ದಂಡೆಯ ಮೇಲೆ ಹೋಗಿ ಬರುವವರಿಗೆಲ್ಲ ತನ್ನ ಲಸ್ಕರನ ಕಥೆ ಹೇಳುತ್ತಿದ್ದ. ಅವ್ವ ಒಲೆಯ ಮುಂದೆ ಒಬ್ಬಳೇ ನಗುತ್ತ, ಗುಳಿಗೆ ತನ್ನ ಕೆಲಸ ಮಾಡುತ್ತಿದೆ ಎಂದುಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಆ ದಿನಗಳಲ್ಲಿ ಗೆಲ್ಲದೆ ಉಳಿದವಳು ನಾನೊಬ್ಬಳೇ.

ಶಾಲೆ ಇಲ್ಲದ ಒಂದು ದಿನ ಮಧ್ಯಾಹ್ನ ಅಪ್ಪನ ಜೊತೆ ಶಟರಿನ ಹತ್ತಿರ ಹೋಗಿದ್ದೆ. ಅವನು ಶಟರನ್ನು ಅರ್ಧ ಇಳಿಸಿ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ, ನಾನು ಮೊಣಕಾಲುದ್ದದ ಕಟ್ಟೆಯ ಮೇಲೆ ಕೂತು ಕೆಳಗಿನ ನೊರೆ ನೋಡುತ್ತಿದ್ದೆ. ಎಣ್ಣೆಬಟ್ಟೆ ಕೊಡು ಎಂದ. ತಟ್ಟನೆ ಎದ್ದು ನಿಂತೆ. ಕತ್ತಲಾಯಿತು. ನಾಲ್ಕರ ತನಕ ಎಣಿಸಿದ್ದು ನೆನಪಿದೆ. ಆಮೇಲೆ ನೆತ್ತಿಯ ಚರ್ಮ ಕಿತ್ತುಬಂದಂತೆ ಉರಿ. ಕಣ್ಣು ಬಿಟ್ಟರೆ ನಾನು ಕಟ್ಟೆಯಿಂದ ನೀರಿನ ಕಡೆಗೆ ನೇತಾಡುತ್ತಿದ್ದೆ, ನನ್ನ ಜಡೆ ಅಪ್ಪನ ಮುಷ್ಟಿಯಲ್ಲಿತ್ತು. ಅವನು ನನ್ನನ್ನು ಮೇಲಕ್ಕೆಳೆದುಕೊಂಡು ಕಟ್ಟೆಯ ಈಚೆ ಕುಸಿದು ಕೂತ. ಅಪ್ಪ ಅಳುವುದನ್ನು ಅವತ್ತೇ ನೋಡಿದ್ದು. ಶಟರ್ ಅರ್ಧಕ್ಕೇ ನಿಂತಿತ್ತು. ಅವನು ಅದರ ಕಡೆ ತಿರುಗಿಯೂ ನೋಡದೆ ನನ್ನನ್ನು ಹೊತ್ತುಕೊಂಡು ಮನೆಗೆ ಓಡಿದ.

ಗದ್ವಾಲದ ಅದೇ ಡಾಕ್ಟರ್ ನನ್ನ ಸಣ್ಣ ತೋಳಿಗೆ ಪಟ್ಟಿ ಸುತ್ತಿದರು. ಒಮ್ಮೆ ನೋಡಿದರು, ನಿಲ್ಲಿಸಿ ಮತ್ತೊಮ್ಮೆ ನೋಡಿದರು. ಹುಬ್ಬು ಗಂಟಿಕ್ಕಿದರು.

“ಇಂಟ್ಲೋ ಎವರೈನಾ ಬೀಪೀ ಗೋಳೀಲು ವಾಡುತಾರಾ?”

ಮನೆಯಲ್ಲಿ ಯಾರಾದರೂ ಒತ್ತಡದ ಗುಳಿಗೆ ತೆಗೆದುಕೊಳ್ಳುತ್ತಾರಾ ಎಂದು ಅವರು ಕೇಳಿದ್ದು. ಮಗುವಿನ ಒತ್ತಡ ಇಷ್ಟು ಇಳಿಯಲು ಬೇರೆ ಕಾರಣ ಕಾಣುತ್ತಿಲ್ಲ, ಹೀಗೇ ಮುಂದುವರಿದರೆ ಜೀವಕ್ಕೇ ಅಪಾಯ ಎಂದರು.

“ಯಾರೂ ಇಲ್ರಿ ಸಾರ್. ನಂದೂ ಬಿಟ್ಟೀನಿ,” ಎಂದ ಅಪ್ಪ.

ನಾನು ಅವ್ವನ ಕಾಲನ್ನೇ ನೋಡುತ್ತಿದ್ದೆ. ಅದು ಅಲ್ಲಾಡುವುದನ್ನು ನಿಲ್ಲಿಸಿತ್ತು. ಅವಳು ಎದ್ದು ನಿಂತು, ಅಪ್ಪನ ಕಡೆ ನೋಡದೆ, ಎಲ್ಲವನ್ನೂ ಹೇಳಿದಳು. ಲೋಟ, ಪುಡಿ, ವಿಭೂತಿ, ಬಿಲ್ವಪತ್ರೆ. ಹೇಳಿ ಮುಗಿಸಿ ನನ್ನ ಭುಜ ಹಿಡಿದು ಅಲುಗಾಡಿಸಿದಳು.

“ಗಿಡಕ್ಕ ಹಾಕು ಅಂದಿದ್ದೆನಲ್ಲೇ ಯವ್ವಾ? ಹಾಕಲಿಲ್ಲೇನು?”

“ಪಾದೋದಕ ನೆಲಕ್ಕ ಚೆಲ್ಲಬಾರದು ಅಂತ ಅಪ್ಪ ಹೇಳ್ಯಾನಲ್ಲ,” ಎಂದೆ.

ಅಪ್ಪ ಗೋಡೆಗೆ ಒರಗಿದ. ಡಾಕ್ಟರ್ ಅವನನ್ನು ಎಳೆದು ಕೂರಿಸಿ ಅವನ ತೋಳಿಗೂ ಪಟ್ಟಿ ಸುತ್ತಿದರು. ಮೊದಲ ಸಲಕ್ಕಿಂತ ಹೆಚ್ಚೇ ಇತ್ತು. ಪುಡಿ ತಳಕ್ಕೆ ಕೂರುತ್ತದೆ, ಮೇಲಿನ ನೀರು ನೀವು ಕುಡಿದಿದ್ದೀರಿ, ಗುಳಿಗೆ ಹುಡುಗಿ ಕುಡಿದಿದ್ದಾಳೆ ಎಂದರು. ಅಂದರೆ ಅಪ್ಪನ ತಲೆ ಹಗುರಾದದ್ದು ಅವನ ಭ್ರಮೆ, ಗುಳಿಗೆ ಕೆಲಸ ಮಾಡುತ್ತಿದೆ ಎಂದದ್ದು ಅವ್ವನ ಭ್ರಮೆ. ಎರಡೂ ಭ್ರಮೆಯ ಗಸಿ ನನ್ನ ಹೊಟ್ಟೆಗೆ ಇಳಿದಿತ್ತು. ನನ್ನನ್ನು ಎರಡು ದಿನ ಅಲ್ಲೇ ಮಲಗಿಸಿಕೊಂಡರು. ಆ ಎರಡು ದಿನವೂ ಅಪ್ಪ ಮಂಚದ ಪಕ್ಕ ಅಲುಗಾಡದೆ ಕೂತಿದ್ದ. ಅವನು ಬೈದಿದ್ದರೆ ನನಗೆ ಎಷ್ಟೋ ನಿರಾಳವಾಗುತ್ತಿತ್ತು.

ಮನೆಗೆ ಬಂದ ಮರುದಿನ ಬೆಳಗ್ಗೆ ಅಪ್ಪ ಬಟ್ಟಲನ್ನು ತಾನೇ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದ. ಪೂಜೆಗೆ ಕೂತ. ಪಾದೋದಕವನ್ನು ತಳದ ತನಕ ತಾನೇ ಕುಡಿದ, ನೀರು ಹಾಕಿ ತೊಳೆದು ಆ ನೀರನ್ನೂ ಕುಡಿದ, ಬಟ್ಟಲನ್ನು ಬೋರಲು ಹಾಕಿದ. ನಾನು ಎಂದಿನಂತೆ ಎದುರಿಗೆ ಕೈ ಒಡ್ಡಿ ಕೂತೇ ಇದ್ದೆ. ಅವನು ನನ್ನ ಒಡ್ಡಿದ ಕೈಯನ್ನು ಮೆಲ್ಲಗೆ ಮಡಚಿ, ಕತ್ತಿನ ಬದಿಗೆ ಎರಡು ಬೆರಳಿಟ್ಟ.

“ಏಳು ನೋಡೋಣ.”

ಎದ್ದೆ. ಒಂಚೂರು ಮಬ್ಬಾಯಿತು. ಅವನ ಬೆರಳಿನ ಕೆಳಗೆ ನನ್ನ ನಾಡಿ ಓಡಲಾರಂಭಿಸಿದ್ದು ನನಗೂ ಗೊತ್ತಾಯಿತು.

“ಬೆಳಕು ಬಂತಾ?”

“ಮೂರಕ್ಕ ಬಂತಪ್ಪಾ.”

ಅವನು ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ ಮಾಡದಲ್ಲಿದ್ದ ಗುಳಿಗೆಯ ಪಟ್ಟಿಗೆ ಕೈ ಹಾಕಿ, ಒಂದನ್ನು ಒಡೆದು ತೆಗೆದು, ಅವ್ವನ ಎದುರಿಗೇ ಬಾಯಿಗೆ ಹಾಕಿಕೊಂಡು ನೀರು ಕುಡಿದ.

“ಅವ ಒಬ್ಬನ ಎಷ್ಟಂತ ತಿರಗಸ್ಯಾನ,” ಎಂದ. ಮತ್ತೆ ಸ್ವಲ್ಪ ಹೊತ್ತಿಗೆ, ಅವ್ವನ ಕಡೆ ತಿರುಗಿ, ಮೆಲ್ಲಗೆ, “ಅವತ್ತ ನೀ ಚಕ್ರ ತಿರಗಿಸಿದ್ದಿಲ್ಲಂದ್ರ ಕೆಳಗಿನ ಗದ್ದಿ ಎಲ್ಲಾ ಮುಣುಗತಿದ್ವು. ನಾ ಬೈಬಾರದಿತ್ತು.”

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಉಪ್ಪಿನ ಭರಣಿ ಜೋಳದ ಚೀಲದಲ್ಲಿದೆ ಎಂದಳು. ಅವನು ಅದನ್ನು ತೆಗೆಯಲಿಲ್ಲ.

ಆದರೆ ಆ ಕೊನೆಯ ಗುಟುಕು ನನಗೆ ಮತ್ತೆ ಸಿಗಲಿಲ್ಲ. ದಿನವೂ ಅಪ್ಪ ಪೂರ್ತಿ ಕುಡಿದು, ಬಟ್ಟಲನ್ನು ಬೋರಲು ಮಾಡಿ ನನಗೆ ತೋರಿಸುತ್ತಿದ್ದ. ಅದು ನನ್ನನ್ನು ಕಾಯುವ ಅವನ ಪರಿ ಎಂದು ಈಗ ಗೊತ್ತು. ಆಗ ಮಾತ್ರ ಶಿಕ್ಷೆ ಎಂದೇ ಅನ್ನಿಸಿತ್ತು, ಬಹಳ ನೋವಾಗಿತ್ತು. ದೇವರು ನನ್ನನ್ನು ಹೊರಗೆ ಹಾಕಿದ ಎಂದುಕೊಂಡೆ. ಆ ಸಿಟ್ಟಿಗೇ ಇರಬೇಕು, ವಿಜ್ಞಾನದ ಪುಸ್ತಕಗಳಿಗೆ ಅಂಟಿಕೊಂಡೆ, ಗದ್ವಾಲದಲ್ಲಿ ವಿಜ್ಞಾನದ ಟೀಚರ್ ಆದೆ. ಪ್ರತಿ ವರ್ಷ ಮಕ್ಕಳಿಗೆ ರಕ್ತದ ಒತ್ತಡದ ಪಾಠ ಮಾಡುತ್ತೇನೆ. ಎಲ್ಲರನ್ನೂ ಕೂರಿಸಿ, ಎಬ್ಬಿಸಿ, ನಾಡಿ ಹಿಡಿಸುತ್ತೇನೆ. ಪಾಠದಲ್ಲಿ ಕಾವಲಿನ ಮಾತಿದೆ, ಕಾವಲು ಇಟ್ಟವನ ಮಾತಿಲ್ಲ. ಯಾವುದಾದರೂ ಹುಡುಗಿ ಎದ್ದು ಇದನ್ನು ಯಾರು ಮಾಡಿದರು ಟೀಚರ್ ಎಂದರೆ, ಕೂತ್ಕೋ ಎನ್ನುತ್ತೇನೆ. ಹಾಗಂದ ಮೇಲೆ ಇಡೀ ದಿನ ಸಮಾಧಾನವಿಲ್ಲದೆ ವರಾಂಡದಲ್ಲಿ ಅಡ್ಡಾಡುತ್ತೇನೆ. ಇದೆಲ್ಲ ತಾನೇ ತಾನಾಗಿ ಆಯಿತು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅಪ್ಪನಂತೆ ಅದಾನವಾ ಅದಾನ ಎಂದು ಬಸ್ಸಿನಲ್ಲಿ ನಿಂತು ಕೂಗಲೂ ಬರುವುದಿಲ್ಲ.

ಈಗ ಅಪ್ಪ ಅವ್ವ ಇಬ್ಬರೂ ನನ್ನ ಜೊತೆಗೇ ಇದ್ದಾರೆ. ಅಪ್ಪನಿಗೆ ಕಾಲುವೆ ಇಲ್ಲ, ಆದರೂ ಪಕ್ಕದ ಮನೆಯ ನಲ್ಲಿ ಸದ್ದು ಬದಲಾದರೆ ಊಟದ ನಡುವೆ ಎದ್ದು ನಿಲ್ಲುತ್ತಾನೆ. ಕಳೆದ ತಿಂಗಳು ನನ್ನ ಹಿಂದಲೆ ಸಿಡಿಯಿತು. ತೋರಿಸಿದೆ. ನನಗೂ ಅದೇ ಒತ್ತಡ, ದಿನಕ್ಕೊಂದು ಅದೇ ಥರದ ಬಿಳಿ ಗುಳಿಗೆ. ಮರುದಿನ ಬೆಳಗ್ಗೆ ಅಪ್ಪನ ಪೂಜೆ ಮುಗಿಯುವ ಹೊತ್ತಿಗೆ ಅವನ ಎದುರಿಗೇ ಮೊದಲ ಗುಳಿಗೆ ನುಂಗಿದೆ. ಅವನು ಬಟ್ಟಲನ್ನು ತುಟಿಗೆ ಹಿಡಿದವನು ನಿಲ್ಲಿಸಿದ. ನನ್ನನ್ನೇ ನೋಡಿದ. ಆಮೇಲೆ ಆ ಹಿತ್ತಾಳೆ ಬಟ್ಟಲನ್ನು, ಎರಡೂ ಕೈಯಿಂದ, ನನ್ನ ಮುಂದೆ ಹಿಡಿದ. ತಳದಲ್ಲಿ ಒಂದು ಗುಟುಕು ಇತ್ತು.

“ತಗೋ ಗಿರಿಜಿ. ಈಗ ಇಬ್ಬರದೂ ಗುಳಿಗಿ ಒಂದ ಆತಲ್ಲ. ತಳದಾಗ ಇದ್ರೂ ನಡಿತೈತಿ.”

“ನಾ ಏನೂ ಹಾಕಿಲ್ರೀ!” ಎಂದಳು ಅವ್ವ ಅಡುಗೆಮನೆಯಿಂದ.

ನಾನು ಕೂತು, ಎರಡೂ ಕೈಯಲ್ಲಿ ಹಿಡಿದು, ಒಂದು ಹನಿ ಚೆಲ್ಲದಂತೆ ಕುಡಿದೆ.